ಸಹಿ ಹಾಕುವ ಮೊದಲು: ಕೋರ್ಟಿನ ಪದಗಳ ಅರ್ಥ ಮತ್ತು ನಮ್ಮ ಹೊಣೆ

(ಜುಮಾ ಖುತ್ಬಾಗಳ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಆತನ ಅಂತಿಮ ಪ್ರವಾದಿ ಹಜ್ರತ್ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಸಹಾಬಿಗಳ ಮೇಲೂ ಸಲಾತ್ ಮತ್ತು ಸಲಾಂ ಇರಲಿ.

ಸಹೋದರರೇ, ಮಸೀದಿಗೆ ಜನ ಬರುವುದು ನಮಾಜಿಗೆ ಮಾತ್ರವಲ್ಲ. ಅಸರ್ ಮುಗಿದ ಮೇಲೆ ಕೋರ್ಟಿನ ಕಾಗದ ಹಿಡಿದು ಬಂದು, 'ಹಜ್ರತ್, ಇದರಲ್ಲಿ ಏನು ಬರೆದಿದೆ, ಸ್ವಲ್ಪ ನೋಡಿ' ಎನ್ನುವವರೂ ಇದ್ದಾರೆ. ಸಹಿ ಹಾಕುವ ಮೊದಲು ಬರುವವರು ಕಡಿಮೆ, ಹಾಕಿದ ಮೇಲೆ ಬರುವವರೇ ಹೆಚ್ಚು. ಗೆಳೆಯನಿಗೆ ಜಾಮೀನು ನಿಂತವರು, ಕರೆದರೆಂದು ಹೋಗಿ ಮಹಜರಿಗೆ ಸಹಿ ಹಾಕಿದವರು, ಅಣ್ಣತಮ್ಮಂದಿರ ಮಾತಿಗೆ ಕಟ್ಟುಬಿದ್ದು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಹೆಣ್ಣುಮಕ್ಕಳು ಹೀಗೆ ಬರುತ್ತಾರೆ. ನಾವು ವಕೀಲರಲ್ಲ, ಕಾನೂನಿನ ಸಲಹೆಗೆ ವಕೀಲರ ಬಳಿಗೇ ಕಳುಹಿಸುತ್ತೇವೆ. ಆದರೆ ಆ ಕಾಗದಗಳಲ್ಲಿರುವ ಪದಗಳ ಅರ್ಥ ಹೇಳುವುದು ನಮ್ಮಿಂದ ಆಗುವ ಕೆಲಸ. ಅವುಗಳಲ್ಲಿ ಬಹಳಷ್ಟು ಅರಬಿ ಮತ್ತು ಫಾರ್ಸಿಯಿಂದ ಬಂದವು. ಮದ್ರಸಾದಲ್ಲಿ ಫಿಕ್ಹ್ ಓದಿದವರಿಗೆ ಅವು ಹಳೆಯ ಪರಿಚಯದ ಪದಗಳು. ಆದ್ದರಿಂದ ಕೆಲವು ಜುಮಾಗಳಲ್ಲಿ ಈ ಪದಗಳನ್ನು ಒಂದೊಂದಾಗಿ ಎತ್ತಿಕೊಂಡು ವಿವರಿಸಿದೆವು. ಅದರ ಸಾರ ಇಲ್ಲಿದೆ.

ಪದಗಳು ಬಂದ ದಾರಿ

ಮಕ್ತಬ್‌ಗೆ ಸೇರಿದ ಮಗು ಮೊದಲು ಹಿಡಿಯುವ ಪುಸ್ತಕ ಖಾಯಿದಾ. ಸರ್ಕಾರ ಮಾಡುವ 'ಕಾಯಿದೆ'ಯೂ ಅದೇ ಪದ. ಅರಬಿಯಲ್ಲಿ ಅದಕ್ಕೆ ತಳಪಾಯ, ನಿಯಮ ಎಂದು ಅರ್ಥ. 'ಕಾನೂನು' ಗ್ರೀಕಿನಿಂದ ಅರಬಿಗೆ ಬಂದು, ಅರಬಿ ಫಾರ್ಸಿಗಳ ಮೂಲಕ ನಮ್ಮ ಭಾಷೆಗಳಿಗೆ ಇಳಿಯಿತು.

ನಮ್ಮ ಕೋಲಾರದ ನೆಲಕ್ಕೆ ಈ ಪದಗಳು ಹೊಸವಲ್ಲ. 17ನೇ ಶತಮಾನದಲ್ಲಿ ಈ ಸೀಮೆ ಬಿಜಾಪುರದ ಆದಿಲ್‌ಶಾಹಿಗಳ ಕೈಗೆ ಬಂತು. ಆಮೇಲೆ ಮೊಗಲರ ಶಿರಾ ಸುಬಾಕ್ಕೆ ಸೇರಿದ ಏಳು ಪರಗಣೆಗಳಲ್ಲಿ ಕೋಲಾರವೂ ಒಂದಾಯಿತು. ಹೈದರಾಲಿ ಹುಟ್ಟಿದ್ದು ಇಲ್ಲೇ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅವರ ತಂದೆ ಫತೇ ಮುಹಮ್ಮದ್‌ರ ಕಬರು ಕೋಲಾರದಲ್ಲಿದೆ. ಆ ಕಾಲದ ದಫ್ತರಗಳಲ್ಲಿ ಫಾರ್ಸಿ ನಡೆಯುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯೂ ತನ್ನ ನ್ಯಾಯಾಲಯಗಳಲ್ಲಿ ಫಾರ್ಸಿಯನ್ನು ಬಹುಕಾಲ ಇಟ್ಟುಕೊಂಡು 1837ರಲ್ಲಿ ಕೈಬಿಟ್ಟಿತು. ಭಾಷೆ ಹೋದರೂ ಪದಗಳು ಉಳಿದವು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಾಗಲೂ ಇಲ್ಲಿನ ಮೇಲಿನ ನ್ಯಾಯಾಲಯದ ಹೆಸರು 'ಹುಜೂರ್ ಅದಾಲತ್' ಎಂದಿತ್ತು.

ಚಿನ್ನದ ಗಣಿಗೆ ಕೂಲಿಗೆಂದು ಬಂದವರು ತಮಿಳು, ತೆಲುಗು, ಉರ್ದು, ಕನ್ನಡ ಹೀಗೆ ನಾಲ್ಕಾರು ಭಾಷೆ ತಂದರು. ಆದರೆ ಕೋರ್ಟಿನ ಬಾಗಿಲಲ್ಲಿ ಎಲ್ಲರ ಪದ ಒಂದೇ. ಕನ್ನಡದವರಿಗೆ ವಕೀಲ, ತಮಿಳಿನವರಿಗೆ ವಕ್ಕೀಲ್, ತೆಲುಗಿನವರಿಗೆ ವಕೀಲು. ಜಾಮೀನು, ವಾಯಿದೆ, ಜಪ್ತಿಗಳೂ ಹಾಗೆಯೇ. ಯಾರೂ ಅವನ್ನು ಪರಭಾಷೆಯ ಪದವೆಂದು ಎಣಿಸುವುದಿಲ್ಲ. 2025ರ ಏಪ್ರಿಲ್ 15ರಂದು ಮಹಾರಾಷ್ಟ್ರದ ಪಾತೂರು ನಗರಸಭೆಯ ಉರ್ದು ಫಲಕದ ಪ್ರಕರಣದಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ಕೂಡ, ಭಾಷೆಯನ್ನು ಧರ್ಮಕ್ಕೆ ಕಟ್ಟಿಹಾಕಬಾರದು ಎಂದು ಹೇಳಿ, ಅದಾಲತ್, ವಕಾಲತ್‌ನಾಮಾದಂಥ ಪದಗಳು ನ್ಯಾಯಾಲಯದ ನಿತ್ಯದ ಮಾತಿನಲ್ಲಿ ಬೆರೆತಿರುವುದನ್ನು ಎತ್ತಿ ತೋರಿಸಿತು.

ಇದನ್ನು ಹೆಮ್ಮೆ ಪಡುವುದಕ್ಕಾಗಿ ಹೇಳುತ್ತಿಲ್ಲ. ಪದ ನಮ್ಮದಾದರೆ ಅದರ ಹೊಣೆಯೂ ನಮ್ಮದು ಎಂಬುದಕ್ಕಾಗಿ ಹೇಳುತ್ತಿದ್ದೇವೆ.

ದಾವೆ: ಕರೆದವನೇ ಪುರಾವೆ ಕೊಡಬೇಕು

'ದಾವೆ'ಯ ಮೂಲ ಅರಬಿಯ 'ದಅವಾ'. ದುಆ, ದಾವತ್, ದಾವೆ ಮೂರೂ ಒಂದೇ ಬೇರಿನ ಪದಗಳು. ಬೇರಿನ ಅರ್ಥ 'ಕರೆಯುವುದು'. ಅಲ್ಲಾಹನನ್ನು ಕರೆದರೆ ದುಆ, ಜನರನ್ನು ಊಟಕ್ಕೆ ಅಥವಾ ಸತ್ಯಕ್ಕೆ ಕರೆದರೆ ದಾವತ್, ನನ್ನ ಹಕ್ಕು ಇದು ಎಂದು ನ್ಯಾಯಾಧೀಶರ ಮುಂದೆ ಕರೆದು ಹೇಳಿದರೆ ದಾವೆ. 'ಫಿರ್ಯಾದು' ಫಾರ್ಸಿ ಪದ. ಅನ್ಯಾಯಕ್ಕೆ ಸಿಕ್ಕಿದವನ ಕೂಗು ಎಂದರ್ಥ. 'ಅರ್ಜಿ' ಎಂದರೆ ಮುಂದಿಡುವುದು, ಅರಿಕೆ.

ಕೂಗಿದವರೆಲ್ಲರ ಮಾತೂ ಸತ್ಯವಾಗಿರಬೇಕೆಂದಿಲ್ಲ. ಬರೀ ಹೇಳಿಕೆಯ ಮೇಲೆ ಕೊಡುತ್ತ ಹೋದರೆ ಜನ ಇತರರ ಪ್ರಾಣವನ್ನೂ ಸೊತ್ತನ್ನೂ ಕೇಳಲು ಹಿಂಜರಿಯುವುದಿಲ್ಲ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಪುರಾವೆಯ ಭಾರ ಹಕ್ಕು ಹೇಳುವವನ ಮೇಲೆ, ಅಲ್ಲಗಳೆಯುವವನ ಮೇಲೆ ಪ್ರಮಾಣ ಎಂಬುದು ಅವರು ಕಲಿಸಿದ ಸೂತ್ರ. ಇಂದಿನ ಸಿವಿಲ್ ದಾವೆಯಲ್ಲೂ ಹಕ್ಕು ಹೇಳುವವನೇ ಅದನ್ನು ರುಜುವಾತು ಮಾಡಬೇಕು. ಹಜ್ರತ್ ಅಲಿ(ರ) ಖಲೀಫರಾಗಿದ್ದಾಗ ತಮ್ಮ ಕಳೆದುಹೋದ ಕವಚಕ್ಕಾಗಿ ಖಾಜಿ ಶುರೈಹರ ಮುಂದೆ ನಿಂತದ್ದು, ಒಪ್ಪುವಂಥ ಸಾಕ್ಷಿ ಇಲ್ಲದ್ದರಿಂದ ತೀರ್ಪು ಅವರ ವಿರುದ್ಧ ಹೋದದ್ದು ಇತಿಹಾಸ ಗ್ರಂಥಗಳಲ್ಲಿ ಬರುವ ಪ್ರಸಿದ್ಧ ಪ್ರಸಂಗ. ಆಳುವವನಿಗೂ ವಿನಾಯಿತಿ ಇರಲಿಲ್ಲ.

ಅದಕ್ಕಾಗಿಯೇ ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂಬ ಆದೇಶ ಪವಿತ್ರ ಕುರ್‌ಆನಿನಲ್ಲಿದೆ (ಅಲ್‌ಬಕರಾ: 282). ಇದು ಕುರ್‌ಆನಿನ ಅತಿ ಉದ್ದದ ಸೂಕ್ತ. ನಮ್ಮವರು ಮಾತ್ರ 'ನಮ್ಮ ನಮ್ಮಲ್ಲಿ ಕಾಗದ ಯಾಕೆ' ಎಂದು ಲಕ್ಷಗಟ್ಟಲೆ ಕೈಬದಲು ಕೊಡುತ್ತಾರೆ. ಆಮೇಲೆ ಕೋರ್ಟು 'ದಸ್ತಾವೇಜು ಎಲ್ಲಿ' ಎಂದು ಕೇಳಿದರೆ ಕೈ ಖಾಲಿ.

ವಕೀಲ: ಒಪ್ಪಿಸಿದ ಮೇಲೂ ಹೊಣೆ ಉಳಿಯುತ್ತದೆ

ನಿಕಾಹ್‌ನಲ್ಲಿ ಒಬ್ಬ ವಕೀಲ ಮತ್ತು ಇಬ್ಬರು ಗವಾಹ್ ವಧುವಿನ ಬಳಿ ಹೋಗಿ ಅವಳ ಒಪ್ಪಿಗೆ ಕೇಳುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿನ ವಕೀಲನೂ ಕರಿಕೋಟಿನ ವಕೀಲನೂ ಪದದಲ್ಲಿ ಒಂದೇ. ನಮ್ಮ ಕೆಲಸವನ್ನು ಯಾರಿಗೆ ಒಪ್ಪಿಸುತ್ತೇವೋ ಅವನು ವಕೀಲ. ಹಾಗೆ ಒಪ್ಪಿಸಿದ ಪತ್ರವೇ ವಕಾಲತ್ತು. ಅಲ್ಲಾಹನ ಶುಭನಾಮಗಳಲ್ಲಿ ಅಲ್‌ವಕೀಲ್ ಎಂಬುದೂ ಒಂದು. ತವಕ್ಕುಲ್ ಕೂಡ ಇದೇ ಬೇರಿನದು.

ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡು ಎಂಬ ಅರ್ಥದ ಹದೀಸ್ ನಮಗೆಲ್ಲ ಬಾಯಿಪಾಠ. ವಕಾಲತ್ತಿಗೂ ಅದೇ ಮಾತು. ಸಹಿ ಹಾಕಿ, ಫೀಸು ಕೊಟ್ಟು, ವರ್ಷಗಟ್ಟಲೆ ತಿರುಗಿ ನೋಡದೆ ಕೂರುವುದು ತವಕ್ಕುಲ್ ಅಲ್ಲ. ವಕೀಲರು ಕಕ್ಷಿದಾರನ ಬಾಯಿ ಮಾತ್ರ, ಮಾತು ಕಕ್ಷಿದಾರನದೇ. ಸತ್ಯವನ್ನು ಪೂರ್ತಿ ಅವರಿಗೆ ಹೇಳಬೇಕು. ದಾವೆಯ ಸಂಖ್ಯೆ, ಯಾವ ಕೋರ್ಟು, ಮುಂದಿನ ತಾರೀಖು ಎಂದು ಎಂಬ ಮೂರನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಈಗ ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಅದನ್ನು ಮೊಬೈಲಿನ ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿದರೆ ಕೇಸು ಎಲ್ಲಿದೆ ಎಂದು ಕಾಣುತ್ತದೆ. ಮನೆಯ ಮಕ್ಕಳಿಗೆ ಹೇಳಿದರೆ ಅವರೇ ನೋಡಿಕೊಡುತ್ತಾರೆ.

ವಕೀಲರ ಫೀಸು ಕೊಡುವ ಶಕ್ತಿ ಇಲ್ಲದವರು ಸುಮ್ಮನೆ ಕೂರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಮತ್ತು ಆದಾಯ ಕಡಿಮೆ ಇರುವವರು ಉಚಿತ ವಕೀಲರನ್ನು ಕೇಳಬಹುದು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಬೇಕು. ಫೋನಿನಲ್ಲಿ ಕೇಳುವವರಿಗೆ 15100 ಎಂಬ ಸಹಾಯವಾಣಿ ಇದೆ.

ಅಮೀನ, ಹಾಜರು, ಗೈರು

ಕೋರ್ಟಿನ ಕಾಗದ ತರುವವನನ್ನು ನಮ್ಮ ಹಿರಿಯರು 'ಅಮೀನ' ಎನ್ನುತ್ತಾರೆ. ಅಮೀನ್ ಎಂದರೆ ನಂಬಿಗಸ್ತ. ಪ್ರವಾದಿತ್ವಕ್ಕಿಂತ ಮೊದಲೇ ಮಕ್ಕಾದ ಜನ ನಮ್ಮ ಪ್ರವಾದಿ(ಸ)ಯವರಿಗೆ ಕೊಟ್ಟ ಹೆಸರು ಅಲ್‌ಅಮೀನ್. ಅಂಥ ದೊಡ್ಡ ಹೆಸರು ಹೊತ್ತವನು ಬಾಗಿಲಿಗೆ ಬಂದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಗಂಡಸರು ಹಿತ್ತಲಿಗೆ ಹೋಗುತ್ತಾರೆ, ಮಗುವಿನ ಬಾಯಲ್ಲಿ 'ಅಬ್ಬಾ ಮನೆಯಲ್ಲಿಲ್ಲ' ಎಂದು ಹೇಳಿಸುತ್ತಾರೆ. ಮಗುವಿಗೆ ಸುಳ್ಳು ಕಲಿಸಿದ ಪಾಪ ಒಂದು ಕಡೆ. ಇನ್ನೊಂದು ಕಡೆ, ಅದರಿಂದ ಕೇಸಿನಲ್ಲಿ ಏನೂ ಲಾಭವಿಲ್ಲ. ಸಮನ್ಸು ತೆಗೆದುಕೊಳ್ಳಲು ಒಪ್ಪದಿದ್ದರೆ ಮನೆಯ ಹೊರಬಾಗಿಲಿಗೆ ಅಂಟಿಸಿ ಹೋಗುವ ನಿಯಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ. ಆಮೇಲೆ ಕೋರ್ಟಿನಲ್ಲಿ ಹೆಸರು ಕೂಗುತ್ತಾರೆ. 'ಹಾಜರು' ಎಂದರೆ ಎದುರಿಗೆ ಇರುವವನು. 'ಗೈರು' ಎಂದರೆ ಬೇರೆ, ಇಲ್ಲದ್ದು. ಗೈರುಹಾಜರಾದವನನ್ನು ಬಿಟ್ಟು ಕೇಸು ನಡೆಯುತ್ತದೆ. ಅದನ್ನು 'ಏಕಪಕ್ಷೀಯ' ಎನ್ನುತ್ತಾರೆ. ಒಂದೇ ಕಡೆಯವರ ಮಾತು ಕೇಳಿ ಕೊಡುವ ಆದೇಶ.

ಎರಡನೆಯವನ ಮಾತು ಕೇಳದೆ ತೀರ್ಪು ಕೊಡಬೇಡ ಎಂದು ಹಜ್ರತ್ ಅಲಿ(ರ)ಯವರನ್ನು ಯಮನ್‌ಗೆ ಕಳುಹಿಸುವಾಗ ಪ್ರವಾದಿ(ಸ) ಉಪದೇಶಿಸಿದ್ದರು. ನ್ಯಾಯಾಲಯ ನಮ್ಮ ಮಾತು ಕೇಳಲೆಂದೇ ಸಮನ್ಸು ಕಳುಹಿಸುತ್ತದೆ. ಹೋಗದೆ ಉಳಿದು 'ನನ್ನ ಮಾತು ಯಾರೂ ಕೇಳಲಿಲ್ಲ' ಎಂದರೆ ತಪ್ಪು ಯಾರದು? ಸಮನ್ಸು ಮುಟ್ಟಿದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕಾರಣ ತೋರಿಸಿದರೆ ನ್ಯಾಯಾಲಯ 90 ದಿನದವರೆಗೆ ಅವಕಾಶ ಕೊಡಬಹುದು. ಏಕಪಕ್ಷೀಯ ಡಿಕ್ರಿ ಆಗಿಹೋದರೆ, ಬರಲಾಗದ್ದಕ್ಕೆ ಸರಿಯಾದ ಕಾರಣವಿದ್ದವರು ಅದನ್ನು ರದ್ದು ಮಾಡಲು ಕೇಳಬಹುದು. ಅದಕ್ಕೂ 30 ದಿನದ ಗಡುವಿದೆ. ಸಮನ್ಸು ಸರಿಯಾಗಿ ಮುಟ್ಟದವರಿಗೆ ಆ ಗಡುವು ಡಿಕ್ರಿಯ ವಿಷಯ ತಿಳಿದ ದಿನದಿಂದ ಶುರುವಾಗುತ್ತದೆ.

2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಊರಿನ ದುಡಿಮೆ ಬೆಂಗಳೂರಿನ ರೈಲನ್ನು ನಂಬಿಕೊಂಡಿದೆ. ನಸುಕಿನಲ್ಲಿ ಮಾರಿಕುಪ್ಪಂ, ಊರಿಗಾಂ ನಿಲ್ದಾಣಗಳಲ್ಲಿ ಹತ್ತಿದವರು ರಾತ್ರಿ ಇಳಿಯುತ್ತಾರೆ. ಕೋರ್ಟಿಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಈ ಕಷ್ಟ ನಮಗೆ ಗೊತ್ತು. ಆದರೂ ಒಂದು ದಿನದ ಕೂಲಿ ಉಳಿಸಲು ಹೋಗಿ ಮನೆಯನ್ನೇ ಕಳೆದುಕೊಳ್ಳಬಾರದು.

ವಾಯಿದೆ ಮತ್ತು ತಕರಾರು

ಕೇಸು ಮುಂದಕ್ಕೆ ಹೋದರೆ 'ವಾಯಿದೆ ಬಿತ್ತು' ಎನ್ನುತ್ತೇವೆ. ಅರಬಿಯ 'ವಅದಾ' ಎಂದರೆ ಮಾತು ಕೊಡುವುದು. ಆ ದಿನ ಬರುತ್ತೇನೆ, ಸಾಕ್ಷಿ ತರುತ್ತೇನೆ ಎಂದು ಕೊಟ್ಟ ಮಾತು ಅದು. ಕೊಟ್ಟ ಮಾತು ತಪ್ಪುವುದು ಕಪಟವಿಶ್ವಾಸಿಯ ಗುರುತುಗಳಲ್ಲಿ ಒಂದು ಎಂದು ಹದೀಸಿನಲ್ಲಿದೆ. ಎದುರಾಳಿಯನ್ನು ಬಳಲಿಸಲೆಂದೇ ವಾಯಿದೆಯ ಮೇಲೆ ವಾಯಿದೆ ಕೇಳುವವರು ಈ ಪದದ ಅರ್ಥವನ್ನು ನೆನೆಯಲಿ.

'ತಕರಾರು' ಎಂದರೆ ಅರಬಿಯಲ್ಲಿ ಪುನರಾವರ್ತನೆ. ಮದ್ರಸಾಗಳಲ್ಲಿ ವಿದ್ಯಾರ್ಥಿಗಳು ಸಂಜೆ ಗುಂಪಾಗಿ ಕೂತು ಆ ದಿನದ ಪಾಠವನ್ನು ಮತ್ತೆ ಹೇಳಿಕೊಳ್ಳುವುದಕ್ಕೆ ಇಂದಿಗೂ ತಕ್ರಾರ್ ಎಂದೇ ಹೆಸರು. ಹೇಳಿದ್ದನ್ನೇ ಹೇಳುತ್ತ ಹೋದರೆ ಜಗಳವಾಗುತ್ತದೆ. ಉರ್ದುವಿನಲ್ಲಿ ಅದು ಜಗಳವಾಯಿತು, ಕನ್ನಡದ ಕೋರ್ಟಿನಲ್ಲಿ ಆಕ್ಷೇಪಣೆಯಾಯಿತು. ಎದುರಿನವನ ಅರ್ಜಿಗೆ ತಕರಾರು ಹಾಕುವುದು ಹಕ್ಕು. ಸೋಲು ಗೊತ್ತಿದ್ದೂ ಕೇಸು ಎಳೆಯಲೆಂದು ತಕರಾರು ಹಾಕುವುದು ಜುಲುಮು.

ಮಹಜರು: ಇದ್ದವನು ಮಾತ್ರ ಸಹಿ ಹಾಕಬೇಕು

ಈ ಪದದ ಬಗ್ಗೆ ನಮ್ಮ ಯುವಕರು ಕಿವಿಗೊಟ್ಟು ಕೇಳಬೇಕು. ಹಾಜರು ಮತ್ತು ಮಹಜರು ಒಂದೇ ಬೇರಿನ ಪದಗಳು. ಜನರ ಹಾಜರಿಯಲ್ಲಿ, ಕಣ್ಣೆದುರು ನಡೆದದ್ದನ್ನು ಬರೆದ ಪತ್ರ ಮಹಜರು. ಮನೆ ಶೋಧಿಸಿದಾಗ, ವಸ್ತು ವಶಪಡಿಸಿಕೊಂಡಾಗ, ಅಪಘಾತದ ಜಾಗ ನೋಡಿದಾಗ ಪೊಲೀಸರು ಸ್ಥಳೀಯರನ್ನು ಪಂಚರಾಗಿ ಕರೆದು ಮಹಜರು ಬರೆಯುತ್ತಾರೆ. ಅದರ ಬೆಲೆಯೆಲ್ಲ ಇರುವುದು ಪಂಚರು ಅಲ್ಲಿ ಇದ್ದರು, ನೋಡಿದರು ಎಂಬುದರಲ್ಲಿ.

ಅಂಗಡಿಯಲ್ಲೋ ಠಾಣೆಯಲ್ಲೋ ಕೂತು, ಜಾಗವನ್ನೇ ನೋಡದೆ 'ಒಂದು ಸಹಿ ತಾನೇ' ಎಂದು ಹಾಕಿಕೊಡುವವರಿದ್ದಾರೆ. ಇದು ಉಪಕಾರವಲ್ಲ. ನೋಡದ್ದನ್ನು ನೋಡಿದೆ ಎಂದು ಬರೆದುಕೊಡುವುದು ಸುಳ್ಳು ಸಾಕ್ಷಿ. ಅದರಿಂದ ನಿರಪರಾಧಿ ಜೈಲಿಗೆ ಹೋಗಬಹುದು. ಇಲ್ಲವೆ ಪಂಚರು ಕೋರ್ಟಿನಲ್ಲಿ 'ನಾನು ನೋಡಿಲ್ಲ, ಸಹಿ ಮಾತ್ರ ಹಾಕಿದೆ' ಎಂದು ತಿರುಗಿದಾಗ ನಿಜವಾದ ಅಪರಾಧಿ ಬಿಡುಗಡೆಯಾಗಬಹುದು. ಎರಡು ಕಡೆಯೂ ಪಾಲು ನಮ್ಮದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ ಮತ್ತು ವಶಪಡಿಸುವಿಕೆಯನ್ನು ವಿಡಿಯೋ ಮಾಡಬೇಕೆಂಬ ನಿಯಮವಿದೆ. ಅಂದರೆ ಪಂಚರ ಸಹಿಯ ಜೊತೆಗೆ ಅವರು ಅಲ್ಲಿ ಇದ್ದರೋ ಇಲ್ಲವೋ ಎಂಬುದೂ ಇನ್ನು ಕಾಣುತ್ತದೆ.

ಸಾಕ್ಷಿ ಎಂಬ ಸಂಸ್ಕೃತ ಪದದಲ್ಲಿ ಕಣ್ಣು ಇದೆ. ಕಣ್ಣಾರೆ ಕಂಡವನು ಸಾಕ್ಷಿ. ಅರಬಿಯ ಶಹಾದತ್‌ನಲ್ಲಿಯೂ ಇರುವುದು, ಕಾಣುವುದು ಎಂಬ ಅರ್ಥವಿದೆ. ನಾವು ಮುಸ್ಲಿಮರಾಗುವುದೇ ಶಹಾದತ್‌ನಿಂದ. ಬಾಯಲ್ಲಿ ಆ ಶಹಾದತ್ ಹೇಳಿ ಕೋರ್ಟಿನಲ್ಲಿ ಬೇರೆ ಶಹಾದತ್ ಕೊಡುವುದು ಹೇಗೆ? ಮಹಾಪಾಪಗಳನ್ನು ಹೇಳುತ್ತಿದ್ದಾಗ ಒರಗಿಕೊಂಡಿದ್ದ ಪ್ರವಾದಿ(ಸ) ಸುಳ್ಳು ಸಾಕ್ಷಿಯ ವಿಷಯಕ್ಕೆ ಬಂದೊಡನೆ ಎದ್ದು ಕುಳಿತರು. ಇನ್ನು ನಿಲ್ಲಿಸಬಾರದೇ ಎಂದು ಸಹಾಬಿಗಳಿಗೆ ಅನಿಸುವಷ್ಟು ಸಲ ಅದನ್ನೇ ಹೇಳಿದರು. ಇಬ್ಬರು ಇಮಾಮರೂ, ಅಂದರೆ ಬುಖಾರಿ ಮತ್ತು ಮುಸ್ಲಿಂ, ಈ ಹದೀಸನ್ನು ಉಲ್ಲೇಖಿಸಿದ್ದಾರೆ. ದೇಶದ ಕಾನೂನಿನಲ್ಲೂ ನ್ಯಾಯಾಲಯದ ಮುಂದೆ ಸುಳ್ಳು ಸಾಕ್ಷ್ಯಕ್ಕೆ 7 ವರ್ಷದವರೆಗೆ ಜೈಲು ಶಿಕ್ಷೆ ಇದೆ.

'ಪಾಟಿ ಸವಾಲಿ'ಗೆ ಹೆದರಿ ಸಾಕ್ಷಿ ಹೇಳಲು ಹೋಗದವರೂ ಇದ್ದಾರೆ. ಸವಾಲು ಎಂದರೆ ಪ್ರಶ್ನೆ, ಅಷ್ಟೇ. ಎದುರು ಕಡೆಯ ವಕೀಲರು ಕೇಳುವ ಪ್ರಶ್ನೆಗಳು ಪಾಟಿ ಸವಾಲು. ನೋಡಿದ್ದನ್ನು ನೋಡಿದೆ, ನೋಡದ್ದನ್ನು ನೋಡಿಲ್ಲ, ನೆನಪಿಲ್ಲದ್ದನ್ನು ನೆನಪಿಲ್ಲ ಎಂದವನಿಗೆ ಯಾವ ಸವಾಲೂ ಭಾರವಲ್ಲ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯ ಪಾಪಕ್ಕೆ ಬಿದ್ದಿದೆ ಎಂದು ಕುರ್‌ಆನ್ ಎಚ್ಚರಿಸುತ್ತದೆ (ಅಲ್‌ಬಕರಾ: 283). ತಂದೆತಾಯಿಯ ವಿರುದ್ಧವಾದರೂ, ನಮ್ಮ ವಿರುದ್ಧವೇ ಆದರೂ ನ್ಯಾಯಕ್ಕೆ ನಿಲ್ಲಬೇಕೆಂಬುದು ಅನ್ನಿಸಾ ಅಧ್ಯಾಯದ 135ನೇ ಸೂಕ್ತದ ಆದೇಶ.

ಜಾಮೀನು: ಪದದೊಳಗೆ ಒಬ್ಬ ಮನುಷ್ಯನಿದ್ದಾನೆ

ಜಾಮೀನು ಸಿಕ್ಕಿತು ಎಂದರೆ ಬಿಡುಗಡೆ ಸಿಕ್ಕಿತು ಎಂದಷ್ಟೇ ನಾವು ತಿಳಿಯುತ್ತೇವೆ. ಅರಬಿಯ 'ಜಾಮಿನ್' ಒಬ್ಬ ಮನುಷ್ಯ. ಇನ್ನೊಬ್ಬನ ಹೊಣೆಯನ್ನು ತನ್ನ ಹೆಗಲಿಗೆ ಹಾಕಿಕೊಂಡವನು. ಆರೋಪಿ ವಾಯಿದೆಗೆ ಬರದಿದ್ದರೆ ಮುಚ್ಚಳಿಕೆಯಲ್ಲಿ ಬರೆದ ಹಣವನ್ನು ಇವನು ಕಟ್ಟಬೇಕು. ಕಟ್ಟದಿದ್ದರೆ ವಸೂಲಿ ಇವನ ಸೊತ್ತಿನ ಮೇಲೆ ಬರುತ್ತದೆ. 50,000 ರೂಪಾಯಿಯ ಮುಚ್ಚಳಿಕೆ ಎಂದು ಕಾಗದದಲ್ಲಿ ಇದ್ದರೆ ಅದು ಬರಿ ಅಂಕಿಯಲ್ಲ, ನಮ್ಮ ಮನೆಯ ಹಣ.

ಒಮ್ಮೆ ಒಂದು ಜನಾಜಾ ತಂದರು. ಮೃತನ ಮೇಲೆ ಮೂರು ದೀನಾರ್ ಸಾಲವಿದೆ, ತೀರಿಸಲು ಏನೂ ಬಿಟ್ಟಿಲ್ಲ ಎಂದು ತಿಳಿದಾಗ, ನೀವೇ ನಮಾಜ್ ಮಾಡಿ ಎಂದು ಪ್ರವಾದಿ(ಸ) ಹೇಳಿದರು. ಅಬೂ ಕತಾದಾ(ರ) ಮುಂದೆ ಬಂದು ಆ ಸಾಲ ನನ್ನ ಮೇಲಿರಲಿ ಎಂದರು. ಆಗ ಪ್ರವಾದಿ(ಸ) ನಮಾಜ್ ಮಾಡಿದರು. ಇದು ಬುಖಾರಿಯಲ್ಲಿದೆ. ಜಾಮೀನು ನಿಲ್ಲುವುದು ಎಷ್ಟು ದೊಡ್ಡ ಪುಣ್ಯ ಎಂಬುದು ಇದರಿಂದ ತಿಳಿಯುತ್ತದೆ. ಒಬ್ಬನ ಬಾಯಿಮಾತಿಗೆ ಎಷ್ಟು ತೂಕವಿದೆ ಎಂಬುದೂ ತಿಳಿಯುತ್ತದೆ.

ಆದ್ದರಿಂದ ಯೋಗ್ಯನಿಗೆ ಜಾಮೀನು ನಿಲ್ಲಿ. ನಿಂತ ಮೇಲೆ ಪ್ರತಿ ವಾಯಿದೆಗೂ ಅವನನ್ನು ಕೋರ್ಟಿಗೆ ಕಳುಹಿಸುವುದು ನಿಮ್ಮ ಕೆಲಸ. ಅವನ ನಡವಳಿಕೆಯ ಮೇಲೆ ನಂಬಿಕೆ ಹೋದರೆ, ನನ್ನನ್ನು ಹೊಣೆಯಿಂದ ಬಿಡಿಸಿ ಎಂದು ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಸುಮ್ಮನೆ ಮನೆಯಲ್ಲಿ ಕೂತರೆ ಹೊಣೆ ಹೋಗುವುದಿಲ್ಲ. ಇನ್ನು ದುಡ್ಡು ತೆಗೆದುಕೊಂಡು, ಮುಖವೂ ತಿಳಿಯದವರಿಗೆಲ್ಲ ಜಾಮೀನು ನಿಲ್ಲುವವರ ವಿಷಯ. ಅವರು 'ನನಗೆ ಈತ ಗೊತ್ತು' ಎಂದು ನ್ಯಾಯಾಧೀಶರ ಮುಂದೆ ಹೇಳುತ್ತಾರೆ. ಅದು ಪ್ರಮಾಣ ಮಾಡಿ ಹೇಳಿದ ಸುಳ್ಳು. ಆ ದುಡ್ಡಿನಲ್ಲಿ ಬರಕತ್ತು ಎಲ್ಲಿಂದ ಬರಬೇಕು?

ರಾಜಿ, ಖುಲಾಸೆ ಮತ್ತು ಹೆಣ್ಣುಮಕ್ಕಳ ಪಾಲು

'ರಾಜಿ' ಎಂದರೆ ಮನಸ್ಸು ಒಪ್ಪಿದವನು. ಅಲ್ಲಾಹನ ರಜಾ, ಸಹಾಬಿಗಳ ಹೆಸರಿನ ಜೊತೆ ಹೇಳುವ ರಜಿಯಲ್ಲಾಹು ಎಲ್ಲವೂ ಇದೇ ಬೇರಿನವು. ಕಅಬಾ ಕಟ್ಟುವಾಗ ಹಜರುಲ್ ಅಸ್ವದ್ ಯಾರು ಇಡಬೇಕೆಂದು ಕುರೈಷರಲ್ಲಿ ಕತ್ತಿ ಎಳೆಯುವ ಹಂತ ಬಂತು. ಮೊದಲು ಒಳಗೆ ಬಂದವರು ನಮ್ಮ ಪ್ರವಾದಿ(ಸ). ಇವರು ಅಮೀನ್, ಇವರ ತೀರ್ಮಾನಕ್ಕೆ ನಾವು ರಾಜಿ ಎಂದು ಎಲ್ಲರೂ ಒಪ್ಪಿದರು. ಅವರು ಬಟ್ಟೆಯ ಮೇಲೆ ಕಲ್ಲಿಟ್ಟು, ಪ್ರತಿ ಗೋತ್ರದವರ ಕೈಗೂ ಒಂದೊಂದು ಅಂಚು ಕೊಟ್ಟು ಎತ್ತಿಸಿದರು. ಯಾರೂ ಸೋಲಲಿಲ್ಲ. ಅಮೀನ ಮತ್ತು ರಾಜಿ ಎರಡೂ ಪದಗಳ ಅರ್ಥ ಆ ಒಂದು ಘಟನೆಯಲ್ಲಿದೆ.

ಲೋಕ ಅದಾಲತ್ ಎಂಬ ಹೆಸರಿನಲ್ಲಿ ಸಂಸ್ಕೃತದ ಲೋಕ, ಅರಬಿಯ ಅದಲ್ ಕೂಡಿವೆ. ಅಲ್ಲಿ ರಾಜಿಯಾದರೆ ಆ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ. ಅದರ ಮೇಲೆ ಅಪೀಲು ಇಲ್ಲ. ಈ ಕೊನೆಯ ಮಾತನ್ನು ಮರೆಯಬೇಡಿ. ಓದಿ, ಓದಿಸಿ, ಮನಸ್ಸು ಒಪ್ಪಿದರೆ ಮಾತ್ರ ಸಹಿ ಹಾಕಿ. ಹರಾಮನ್ನು ಹಲಾಲ್ ಮಾಡದ, ಹಲಾಲನ್ನು ಹರಾಮ್ ಮಾಡದ ರಾಜಿ ಮುಸ್ಲಿಮರ ನಡುವೆ ಒಳ್ಳೆಯದು ಎಂದು ಹದೀಸಿನಲ್ಲಿದೆ.

'ಖುಲಾಸೆ'ಗೆ ಎರಡು ಉಪಯೋಗ. ಕ್ರಿಮಿನಲ್ ಕೇಸಿನಲ್ಲಿ ಆರೋಪಿ ಖುಲಾಸೆಯಾಗುತ್ತಾನೆ. ಆಸ್ತಿಯಲ್ಲಿ ಒಬ್ಬರು ತಮ್ಮ ಹಕ್ಕು ಬಿಟ್ಟುಕೊಟ್ಟರೆ ಅದು ಹಕ್ಕು ಖುಲಾಸೆ ಪತ್ರ. ಇಖ್ಲಾಸ್ ಕೂಡ ಇದೇ ಬೇರಿನದು. ಬೆರಕೆ ಇಲ್ಲದ ಶುದ್ಧತೆ, ಕಟ್ಟಿನಿಂದ ಬಿಡುಗಡೆ ಎಂಬ ಅರ್ಥ. ತಂದೆ ತೀರಿಕೊಂಡ 40 ದಿನದೊಳಗೆ ತಂಗಿಯನ್ನು ಆಟೋದಲ್ಲಿ ಕೂರಿಸಿ ನೋಂದಣಿ ಕಚೇರಿಗೆ ಕರೆದೊಯ್ಯುತ್ತಾರೆ. 'ಸುಮ್ಮನೆ ಒಂದು ಸಹಿ' ಎನ್ನುತ್ತಾರೆ. ಕಣ್ಣೀರು ಆರದ ಅವಳು ಸಹಿ ಹಾಕುತ್ತಾಳೆ. ತವರು ಮುಚ್ಚಿಹೋದೀತೆಂಬ ಭಯದಲ್ಲಿ ಹಾಕಿದ ಸಹಿಯಲ್ಲಿ ರಜಾ ಎಲ್ಲಿದೆ? ಅದರಲ್ಲಿ ಇಖ್ಲಾಸ್ ಎಲ್ಲಿದೆ? ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ, ಗಂಡಸರಿಗೆ ಪಾಲಿರುವಂತೆ ಹೆಂಗಸರಿಗೂ ಪಾಲಿದೆ ಎಂದು ಕುರ್‌ಆನ್ ನಿಗದಿ ಮಾಡಿದೆ (ಅನ್ನಿಸಾ: 7). 'ವಾರಸು' ಎಂಬ ಪದವನ್ನು ಕೊಟ್ಟ ದೀನ್, ವಾರಸುದಾರಳನ್ನೂ ಲೆಕ್ಕದಲ್ಲಿ ಹಿಡಿದಿದೆ. ಮೊದಲು ಅವಳ ಪಾಲು ಎಷ್ಟು ಎಂದು ಲೆಕ್ಕ ಹಾಕಿ ಅವಳಿಗೆ ತಿಳಿಸಿ. ಅದು ಅವಳ ಕೈಗೆ ಬರಲಿ. ಆಮೇಲೆ ಅವಳು ಇಷ್ಟಪಟ್ಟು ಏನಾದರೂ ಕೊಟ್ಟರೆ ಅದು ಬೇರೆ ಮಾತು.

ಮುನ್ಸಿಫ್, ಖಾಜಿ, ಫತ್ವಾ

ಈಗ ಸಿವಿಲ್ ನ್ಯಾಯಾಧೀಶರು ಎನ್ನುವುದನ್ನು ಹಿರಿಯರು ಮುನ್ಸಿಫ್ ಕೋರ್ಟು ಎಂದೇ ಕರೆಯುತ್ತಾರೆ. ನಿಸ್ಫ್ ಎಂದರೆ ಅರ್ಧ. ಅದರಿಂದ ಇನ್ಸಾಫ್, ಇನ್ಸಾಫ್ ಕೊಡುವವನು ಮುನ್ಸಿಫ್. ಇಬ್ಬರನ್ನೂ ಸಮವಾಗಿ ನೋಡುವವನು ಎಂದು ತಾತ್ಪರ್ಯ. ಖಾಜಿ ಎಂಬುದಕ್ಕೆ ಮೂಲದಲ್ಲಿ ನ್ಯಾಯಾಧೀಶ ಎಂದರ್ಥ. ಆದರೆ ನಮ್ಮ ದೇಶದಲ್ಲಿ 1880ರ ಖಾಜಿ ಕಾಯಿದೆಯೇ ಖಾಜಿಗೆ ನ್ಯಾಯಾಧೀಶರ ಅಧಿಕಾರವಿಲ್ಲ ಎಂದು ಹೇಳಿದೆ. ಫತ್ವಾ ಎಂದರೆ ಕೇಳಿದವನಿಗೆ ಕೊಡುವ ದೀನೀ ಅಭಿಪ್ರಾಯ. ಅದಕ್ಕೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಜುಲೈಯಲ್ಲಿ ಹೇಳಿದೆ. ಫಿಕ್ಹ್ ಓದಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಮುಫ್ತಿ ತಿಳಿಸುತ್ತಾನೆ, ಖಾಜಿ ತೀರ್ಪು ಕೊಡುತ್ತಾನೆ ಎಂಬ ವ್ಯತ್ಯಾಸ ನಮ್ಮ ಕಿತಾಬುಗಳಲ್ಲೇ ಇದೆ.

ಜಮಾಅತ್ ಕಮಿಟಿಯ ಮುಂದೆ ಮಾತುಕತೆಯಾಗಿ ಮನಸ್ಸು ಕೂಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಮಿಟಿಯ ಪುಸ್ತಕದಲ್ಲಿ ಬರೆದ ಮಾತು ಡಿಕ್ರಿ ಅಲ್ಲ. ಹೊಡೆತ ತಿಂದ ಹೆಣ್ಣುಮಗಳನ್ನು, ಮೋಸಹೋದ ಬಡವನನ್ನು 'ಕೋರ್ಟಿಗೆ ಹೋಗಬೇಡ, ಜಮಾಅತ್‌ನ ಮಾನ ಹೋಗುತ್ತದೆ' ಎಂದು ತಡೆಯುವ ಹಕ್ಕು ನಮಗೆ ಯಾರಿಗೂ ಇಲ್ಲ.

ಗೆದ್ದರೂ ಹರಾಮು ಹಲಾಲಾಗದು

ಡಿಕ್ರಿ ಆದ ಮೇಲೆ 'ಅಮಲ್ಜಾರಿ'. ಅಮಲ್ ಎಂದರೆ ಕಾರ್ಯ, ಜಾರಿ ಎಂದರೆ ಹರಿಯುವುದು. ಸದಖಾ ಜಾರಿಯಾದ ಜಾರಿಯೂ ಇದೇ. ತೀರ್ಪು ಕಾಗದದಲ್ಲಿ ನಿಲ್ಲದೆ ಕಾರ್ಯಕ್ಕೆ ಇಳಿಯಬೇಕು. 'ಜಪ್ತಿ'ಯ ಬೇರಿಗೆ ಬಿಗಿಹಿಡಿಯುವುದು ಎಂದರ್ಥ. ಸೋತವನು ಕೊಡಬೇಕಾದ್ದನ್ನು ಕೊಡದಿದ್ದರೆ ಸೊತ್ತನ್ನು ಹಿಡಿಯಲಾಗುತ್ತದೆ.

ಗೆದ್ದವನಿಗೂ ಒಂದು ಮಾತಿದೆ. ಉಮ್ಮು ಸಲಮಾ(ರ) ವರದಿ ಮಾಡಿದ ಹದೀಸಿನ ಸಾರ ಹೀಗಿದೆ: ನೀವು ನನ್ನ ಬಳಿ ವ್ಯಾಜ್ಯ ತರುತ್ತೀರಿ. ನಿಮ್ಮಲ್ಲಿ ಒಬ್ಬ ಇನ್ನೊಬ್ಬನಿಗಿಂತ ಚೆನ್ನಾಗಿ ವಾದಿಸಬಲ್ಲವನಾಗಿರಬಹುದು. ಕೇಳಿದ್ದರ ಮೇಲೆ ನಾನು ತೀರ್ಪು ಕೊಡುತ್ತೇನೆ. ಹಾಗೆ ಒಬ್ಬನ ಹಕ್ಕನ್ನು ಇನ್ನೊಬ್ಬನಿಗೆ ಕೊಟ್ಟಿದ್ದರೆ ನಾನು ಕೊಟ್ಟದ್ದು ಬೆಂಕಿಯ ತುಂಡು. ಪ್ರವಾದಿಯವರ ತೀರ್ಪೇ ಸುಳ್ಳುಗಾರನಿಗೆ ಹರಾಮನ್ನು ಹಲಾಲ್ ಮಾಡಿಕೊಡುವುದಿಲ್ಲ ಎಂದ ಮೇಲೆ, ಯಾವ ಡಿಕ್ರಿ ಮಾಡಿಕೊಟ್ಟೀತು? ನ್ಯಾಯಾಧೀಶರಿಗೆ ಕಾಣುವುದು ಕಡತ ಮಾತ್ರ. ಕಡತದ ಹೊರಗೆ ಉಳಿದದ್ದು ನಮಗೆ ಗೊತ್ತು, ಅಲ್ಲಾಹನಿಗೆ ಗೊತ್ತು. ಆತನ ಮುಂದೆ ಎಲ್ಲರೂ ಹಾಜರು. ಅಲ್ಲಿ ಗೈರುಹಾಜರಿಯಿಲ್ಲ, ವಾಯಿದೆಯಿಲ್ಲ, ಒಬ್ಬರಿಗೆ ಇನ್ನೊಬ್ಬರು ಜಾಮೀನಿಲ್ಲ.

ಆದ್ದರಿಂದ ಸಹೋದರರೇ, ಕಾಗದ ಓದದೆ ಸಹಿ ಹಾಕಬೇಡಿ. ಓದಲು ಬಾರದವರು ನಂಬಿಕೆಯವರಿಂದ ಓದಿಸಿ ಕೇಳಿ. ಖಾಲಿ ಹಾಳೆಗೆ ಎಂದಿಗೂ ಸಹಿ ಕೊಡಬೇಡಿ. ಸಹಿ ಹಾಕಿದ್ದರ ಒಂದು ನಕಲು ಕೇಳಿ ಇಟ್ಟುಕೊಳ್ಳಿ. ಸಮನ್ಸು ಬಂದರೆ ತೆಗೆದುಕೊಳ್ಳಿ, ಕರೆದ ದಿನ ಹೋಗಿ, ಕಂಡದ್ದನ್ನು ಹೇಳಿ. ಕೊಡಬೇಕಾದ್ದು ಇದ್ದರೆ ಕೋರ್ಟು ಹೇಳುವ ಮೊದಲೇ ಕೊಟ್ಟುಬಿಡಿ.

ಸತ್ಯವನ್ನು ಸತ್ಯವಾಗಿ ಕಂಡು ಅದರ ಪರ ನಿಲ್ಲುವ, ಇನ್ನೊಬ್ಬರ ಹಕ್ಕನ್ನು ಬೆಂಕಿಯೆಂದು ತಿಳಿದು ದೂರವಿರುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.